ಎಂಟು ಸೆಕೆಂಡು ತಡವಾಗಿ ಮಾತಾಡುವ ರೇಡಿಯೊ

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಮನೆಯೊಂದರ ಗ್ಯಾರೇಜಿನಲ್ಲಿ ಹಳೆ ಸಾಮಾನು ಮಾರಾಟಕ್ಕಿಟ್ಟಿದ್ದರು. ಮಕ್ಕಳ ಸೈಕಲ್ಲು, ಟೆನಿಸ್ ರ‍್ಯಾಕೆಟ್ಟುಗಳ ನಡುವೆ ಊಟದ ಡಬ್ಬಿಯಷ್ಟು ಗಾತ್ರದ ಕರಿ ಪೆಟ್ಟಿಗೆಯೊಂದು ಕಂಡಿತು. ಸೋನಿ ಎಕ್ಸ್‌ಡಿಆರ್-ಎಫ್1ಎಚ್‌ಡಿ! 2008ರಲ್ಲಿ ಸುಮಾರು 100 ಡಾಲರಿಗೆ ಬಂದ ಡಿಜಿಟಲ್ ಟ್ಯೂನರ್. ಇದಕ್ಕೆ ಸ್ವಂತ ಸ್ಪೀಕರಿಲ್ಲ, ಆಂಪ್ಲಿಫೈಯರಿಗೆ ಜೋಡಿಸಬೇಕು. ಹಚ್ಚಿಟ್ಟರೆ ಮೈ ಬಿಸಿಯೇರುತ್ತದೆ. ಆದರೂ ದೂರದ ನಿಲಯಗಳನ್ನು ಹೆಕ್ಕುವ ಹವ್ಯಾಸಿಗಳು ಇದನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಮಾರುತ್ತಿದ್ದ ಹಿರಿಯರಿಗೆ ಅದು ಬರೀ ರೇಡಿಯೊ. ಚೌಕಾಸಿ ಮಾಡದೆ ಎತ್ತಿಕೊಂಡೆ.

ಅದನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಊರು ಸಿಗದು. ಕಿಟಕಿ ತೆರೆದರೆ ಸೈನ್ ಹಿಲ್ ಗುಡ್ಡದ ಮೇಲೆ ಊರನ್ನು ‘ಕೈಗಾರಿಕಾ ನಗರಿ’ ಎಂದು ಸಾರುವ 1929ರ ದೈತ್ಯ ಕಾಂಕ್ರೀಟ್ ಅಕ್ಷರಗಳು. ಅದರ ಬೆನ್ನಿಗೇ ಆ್ಯಂಟೆನಾ ಕಂಬಗಳನ್ನು ಹೊತ್ತ ಸ್ಯಾನ್ ಬ್ರೂನೋ ಬೆಟ್ಟ. ಕೆಕ್ಯುಇಡಿ ನಿಲಯದ 88.5 ಎಫ್‌ಎಂ ಹೊರಡುವುದು ಅಲ್ಲಿಂದಲೇ. ಮೊದಲು ಮಾಮೂಲಿ ಎಫ್‌ಎಂ ಕೇಳಿಸಿತು. ಕೆಲವೇ ಕ್ಷಣಗಳಲ್ಲಿ ಪರದೆಯ ಮೇಲೆ ‘ಎಚ್‌ಡಿ’ ಗುರುತು ಮೂಡಿ, ಹಿಂದಿದ್ದ ಸಣ್ಣ ಸುಯ್‌ಗುಟ್ಟುವಿಕೆ ಮಾಯ! ಆ ಕ್ಷಣದ ಖುಷಿಗಾಗಿ ಮತ್ತೆ ಮತ್ತೆ ನಿಲಯ ಬದಲಿಸುತ್ತ ಕೂತೆ.

ಐಬಿಕ್ವಿಟಿ ಕಂಪನಿ ರೂಪಿಸಿದ ಈ ಎಚ್‌ಡಿ ರೇಡಿಯೊಗೆ ಅಮೆರಿಕ ಸರ್ಕಾರ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಯುರೋಪು ಡಿಜಿಟಲ್ ರೇಡಿಯೊಗೆ ಬೇರೆ ತರಂಗಪಟ್ಟಿ ಕೊಟ್ಟರೆ, ಇಲ್ಲಿ ಹಳೆಯ ಸಂಕೇತದ ಎರಡೂ ಮಗ್ಗುಲಿಗೆ ಡಿಜಿಟಲ್ ಸಂಕೇತವನ್ನು ಕೂರಿಸಿದರು. ಶುರುವಿನಲ್ಲಿ ಅದಕ್ಕೆ ಸಿಕ್ಕ ಶಕ್ತಿ ಹಳೆಯದರ ಶೇ 1 ಮಾತ್ರ. ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಅನ್ನೇ ನಿಲ್ಲಿಸಿ ಜನರನ್ನು ಡಿಜಿಟಲ್‌ಗೆ ಅಟ್ಟಿತು. ಅಮೆರಿಕದಲ್ಲಿ ಅಂಥ ಗಡುವಿಲ್ಲ. ಹಳೆ ಸೆಟ್ಟು ಹಾಡುತ್ತಿರುವಾಗ ಹೊಸದಕ್ಕೆ ದುಡ್ಡು ಯಾಕೆ ಸುರಿಯಬೇಕು? ಇದರಲ್ಲಿ ಜನರದೇನೂ ತಪ್ಪಿಲ್ಲ. ತಮಾಷೆಯೆಂದರೆ, ಡಿಜಿಟಲ್ ಉಪವಾಹಿನಿಗಳಲ್ಲಿ ಎಷ್ಟೋ ಈಗ ಸಣ್ಣ ಎಫ್‌ಎಂ ಮರುಪ್ರಸಾರ ಕೇಂದ್ರಗಳಿಗೆ ಮೇವು ಒದಗಿಸುತ್ತಿವೆ. ಹೊಸ ತಂತ್ರಜ್ಞಾನ ಹಳೆಯದರ ಚಾಕರಿಗೆ ನಿಂತಿದೆ.

ನನಗೆ ಬಲು ಇಷ್ಟವಾದ ವಿಚಿತ್ರ ಇನ್ನೊಂದಿದೆ. ಡಿಜಿಟಲ್ ಧ್ವನಿಯನ್ನು ಕಟ್ಟಿ, ಕಳಿಸಿ, ಬಿಚ್ಚುವುದಕ್ಕೆ ಸುಮಾರು ಎಂಟು ಸೆಕೆಂಡು ಬೇಕು. ಸಂಕೇತ ಕಡಿದಾಗ ರೇಡಿಯೊ ಸದ್ದಿಲ್ಲದೆ ಹಳೆಯ ಎಫ್‌ಎಂಗೆ ಜಾರಬೇಕಲ್ಲ? ಅದಕ್ಕಾಗಿ ನಿಲಯದವರು ಹಳೆಯ ಪ್ರಸಾರವನ್ನೂ ಬೇಕಂತಲೇ ಅಷ್ಟೇ ತಡಮಾಡುತ್ತಾರೆ. ಅಂದರೆ ಡಿಜಿಟಲ್ ಸೆಟ್ಟಿನ ಮುಖವನ್ನೇ ನೋಡದವನೂ ಎಂಟು ಸೆಕೆಂಡು ಹಿಂದಿನ ಮಾತು ಕೇಳುತ್ತಾನೆ! ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡು ಕೂತವರನ್ನು ನೆನೆಯಿರಿ. ಇಲ್ಲಿ ಬೇಸ್‌ಬಾಲಿಗೂ ಅದೇ ಪದ್ಧತಿ. ಜೈಂಟ್ಸ್ ತಂಡದ ಸೀಮೆಯಲ್ಲಿ ನಿಂತು ಎದುರಾಳಿ ಡಾಡ್ಜರ್ಸ್ ಹೆಸರೆತ್ತಬಾರದು, ಆದರೂ ಹೇಳುತ್ತೇನೆ: 1958ರಲ್ಲಿ ಆ ತಂಡ ಲಾಸ್ ಏಂಜಲೀಸ್‌ಗೆ ಬಂದಾಗ ವಿನ್ ಸ್ಕಲಿಯ ವೀಕ್ಷಕ ವಿವರಣೆ ಪ್ರೇಕ್ಷಕರ ಟ್ರಾನ್ಸಿಸ್ಟರುಗಳಿಂದ ಇಡೀ ಅಂಗಳಕ್ಕೆ ಕೇಳುತ್ತಿತ್ತಂತೆ. ಡಿಜಿಟಲ್ ಕಾಲದಲ್ಲಿ ಚೆಂಡು ಗ್ಯಾಲರಿ ಸೇರಿ, ಜನ ಕುಣಿದು ಕೂತ ಮೇಲೆ ‘ಇದೀಗ ಚೆಂಡು ಎಸೆಯುತ್ತಿದ್ದಾರೆ’ ಎನ್ನುತ್ತದೆ ರೇಡಿಯೊ. ಕೊನೆಗೆ ಎಂಜಿನಿಯರುಗಳು ಈ ತಡವನ್ನು ಕಿತ್ತುಹಾಕುವ ವ್ಯವಸ್ಥೆಯೊಂದನ್ನು ಪ್ರಸಾರ ಯಂತ್ರಕ್ಕೇ ಸೇರಿಸಿ, ಅದಕ್ಕೆ ‘ಬಾಲ್‌ಗೇಮ್ ಮೋಡ್’ ಎಂದು ಹೆಸರಿಟ್ಟರು. ಪಂದ್ಯದ ದಿನ ಹಳೆಯ ರೇಡಿಯೊಗೇ ಮಣೆ!

ಮನೆಯಲ್ಲಿ ಸೋತ ಎಚ್‌ಡಿ ಕಾರಿನಲ್ಲಿ ಬದುಕಿಕೊಂಡಿತು. ಕೊಳ್ಳುವವರು ಕೇಳಿದರೆಂದಲ್ಲ, ಕಾರಿನ ಜೊತೆ ಬಂತು ಅಷ್ಟೆ. ಹಾಡಿನ ಹೆಸರು, ಚಿತ್ರ ಪರದೆಗೆ ಬರುತ್ತವೆ. ಆ ಚಿತ್ರವೂ ಕಾಡಿದ್ದುಂಟು: 2022ರಲ್ಲಿ ಸಿಯಾಟಲ್‌ನ ಕೆಯುಒಡಬ್ಲ್ಯು ನಿಲಯದಿಂದ ಫೈಲ್ ಹೆಸರಿನ ಕೊನೆಯ ತುಣುಕಿಲ್ಲದ ಚಿತ್ರಗಳು ಹೋಗಿ, 2014ರಿಂದ 2017ರವರೆಗಿನ ಮಾದರಿಯ ಕೆಲವು ಮಾಜ್ಡಾ ಕಾರುಗಳ ರೇಡಿಯೊ ಆ ನಿಲಯಕ್ಕೇ ಅಂಟಿಕೊಂಡಿತ್ತು.

ಐಬಿಕ್ವಿಟಿಯನ್ನು 2015ರಲ್ಲಿ ಡಿಟಿಎಸ್ ಕಂಪನಿ ಕೊಂಡಿತು. ಅದು ಕೈಬದಲಾಗಿ ಈಗ ಎಚ್‌ಡಿ ರೇಡಿಯೊ ಎಕ್ಸ್‌ಪೆರಿ ಕಂಪನಿಯ ಪಾಲು. ಅದರ ಪ್ರಧಾನ ಕಚೇರಿ ಇಲ್ಲೇ ದಕ್ಷಿಣಕ್ಕಿರುವ ಸ್ಯಾನ್ ಹೋಸೆಯಲ್ಲಿ. 1909ರಲ್ಲಿ ಚಾರ್ಲ್ಸ್ ಹೆರಾಲ್ಡ್ ರೇಡಿಯೊ ಪ್ರಯೋಗ ಶುರುಮಾಡಿದ ಊರೇ ಅದು. ನಮ್ಮ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಹೂಡಿದ್ದು 1935ರಲ್ಲಿ.

ಆ ಮೈಸೂರಿನ ನಾಡಿಗೂ ಡಿಜಿಟಲ್ ಬಂದಿದೆ, ಬೇರೆ ವೇಷದಲ್ಲಿ. ಆಕಾಶವಾಣಿ ಆರಿಸಿಕೊಂಡದ್ದು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿ. ಬೆಂಗಳೂರಿನ 612, ಧಾರವಾಡದ 765 ಕಿಲೋಹರ್ಟ್ಸ್ ಮಧ್ಯಮ ತರಂಗಗಳಿಗೂ ಆ ಸಲಕರಣೆ ಬಂತು. ಪ್ರಸಾರಕಗಳಿಗೆ ಕೋಟಿಗಟ್ಟಲೆ ಸುರಿದ ಸರ್ಕಾರ, ಹಳ್ಳಿಯವನು ಕೊಳ್ಳಬಲ್ಲ ಅಗ್ಗದ ಸೆಟ್ಟಿನ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ ಎಂಬುದು ನನ್ನ ತಕರಾರು. ಅಲ್ಲೂ ಡಿಜಿಟಲ್ ಸೇರಿಕೊಂಡದ್ದು ಲಕ್ಷಾಂತರ ಕಾರುಗಳಿಗೇ. ನಿಮ್ಮ ಕಾರಿನ ರೇಡಿಯೊ ಆಯ್ಕೆಗಳಲ್ಲಿ ಡಿಆರ್‌ಎಂ ಇದೆಯೇ, ಒಮ್ಮೆ ತಡಕಿ ನೋಡಿ. ಇದ್ದರೆ ಎಫ್‌ಎಂ ಬಿಟ್ಟು ಮಧ್ಯಮ ತರಂಗಕ್ಕೆ ಹೋಗಿ. ಅದಕ್ಕೂ ನೀವು ಕಾಸು ಕೊಟ್ಟಿದ್ದೀರಿ.