ದುಡಿಯುವವರ ಪಾಲು, ಬದಲಾವಣೆಯ ಹೊರೆ

ಸಂಸ್ಥೆಯೊಂದರಲ್ಲಿ ಹಳೆಯ ಕ್ರಮವನ್ನು ಬಿಟ್ಟು ಹೊಸದನ್ನು ಜಾರಿಗೆ ತರುವಾಗ ಅಲ್ಲಿ ದುಡಿಯುವ ಪ್ರತಿಯೊಬ್ಬರ ಮನಸ್ಸಿನಲ್ಲೂ ಮೂರು ಪ್ರಶ್ನೆಗಳು ಏಳುತ್ತವೆ: ತನ್ನ ಜಾಗ ಉಳಿಯುತ್ತದೆಯೇ, ತನಗೆ ಬರುತ್ತಿದ್ದ ಪಾಲು ಕಡಿಮೆಯಾಗುತ್ತದೆಯೇ, ಇದನ್ನೆಲ್ಲ ತೀರ್ಮಾನಿಸುವ ಮುನ್ನ ತನ್ನನ್ನು ಯಾರಾದರೂ ಒಂದು ಮಾತು ಕೇಳಿದರೇ. ಈ ಪ್ರಶ್ನೆಗಳಿಗೆ ಉತ್ತರ ಸಿಗದ ಕಡೆ ಎಷ್ಟೇ ಒಳ್ಳೆಯ ಯೋಜನೆಯೂ ಕುಂಟುತ್ತದೆ, ಉತ್ತರ ಮೊದಲೇ ಸಿಕ್ಕ ಕಡೆ ಕಷ್ಟದ ಬದಲಾವಣೆಯನ್ನೂ ಜನ ಹೊತ್ತು ಸಾಗಿಸುತ್ತಾರೆ. ಪ್ರೇರಣೆ, ಅಂದರೆ ದುಡಿಯುವವರನ್ನು ಮನಸ್ಸಿಟ್ಟು ದುಡಿಯುವಂತೆ ಮಾಡುವ ಒಳಗಿನ ಒತ್ತಾಸೆ, ಮತ್ತು ಬದಲಾವಣೆಯ ನಿರ್ವಹಣೆ ಎಂಬ ಈ ಎರಡು ವಿಷಯಗಳನ್ನು ಆಡಳಿತಶಾಸ್ತ್ರದ ಪುಸ್ತಕಗಳು ಬೇರೆಬೇರೆ ಅಧ್ಯಾಯಗಳಲ್ಲಿ ಚರ್ಚಿಸುತ್ತವೆಯಾದರೂ ಕೆಲಸದ ಜಾಗದಲ್ಲಿ ಅವು ಒಂದನ್ನೊಂದು ಬಿಟ್ಟು ಇರುವುದಿಲ್ಲ. ಇದನ್ನು ಅರಿಯಲು ಮಂಡ್ಯ ಜಿಲ್ಲೆಯೊಳಗೇ ಎರಡು ತೀರ ಭಿನ್ನವಾದ ನಿದರ್ಶನಗಳಿವೆ; ಒಂದು ಮೇಲುಕೋಟೆಯ ಚೆಲುವನಾರಾಯಣಸ್ವಾಮಿ ದೇವಾಲಯದ ಸೇವಾವ್ಯವಸ್ಥೆ, ಮತ್ತೊಂದು ಅಲ್ಲಿಂದ ಹೆಚ್ಚು ದೂರವಿಲ್ಲದ ಶ್ರೀರಂಗಪಟ್ಟಣದ ಸಿದ್ಧ ಉಡುಪು ಕಾರ್ಖಾನೆಯಲ್ಲಿ 2020ರಲ್ಲಿ ನಡೆದ ಘಟನೆ.

ದೇವಾಲಯವನ್ನು ಕೆಲಸದ ಜಾಗವೆಂದು ನೋಡುವುದು ಕೆಲವರಿಗೆ ಹೊಸದೆನಿಸಬಹುದು. ಆದರೆ ಮೇಲುಕೋಟೆಯಂಥ ದೊಡ್ಡ ದೇವಾಲಯದಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ನಡೆಯುವ ದುಡಿಮೆ ಯಾವ ಕಾರ್ಖಾನೆಗೂ ಕಡಿಮೆಯದಲ್ಲ. ಅರ್ಚಕರು, ಅವರಿಗೆ ನೆರವಾಗುವ ಪರಿಚಾರಕರು, ಉಸ್ತುವಾರಿಯ ಸ್ಥಾನೀಕರು, ಲೆಕ್ಕಪತ್ರ ಮತ್ತು ಆಡಳಿತ ನೋಡುವ ಪಾರುಪತ್ತೇಗಾರರು, ಮಡಪಳ್ಳಿಯೆಂದು ಕರೆಯುವ ಅಡುಗೆಮನೆಯಲ್ಲಿ ಪೊಂಗಲು, ಪುಳಿಯೋಗರೆ ಸಿದ್ಧಪಡಿಸುವವರು, ವೇದ ಮತ್ತು ದಿವ್ಯಪ್ರಬಂಧಗಳ ಪಾರಾಯಣ ಮಾಡುವವರು, ವಾಲಗದವರು, ಉತ್ಸವಮೂರ್ತಿಯನ್ನು ಹೆಗಲ ಮೇಲೆ ಹೊರುವವರು, ಹೂ ಕಟ್ಟುವವರು, ಪಂಜು ಹಿಡಿಯುವವರು, ಹೀಗೆ ಪ್ರತಿಯೊಂದು ಕೆಲಸಕ್ಕೂ ನಿಗದಿಯಾದವರಿದ್ದಾರೆ. ಮಡಪಳ್ಳಿಯಿಂದ ನೈವೇದ್ಯ ಹೊರಡುವುದು ತಡವಾದರೆ ಪೂಜೆ ನಿಲ್ಲುತ್ತದೆ, ಪೂಜೆ ತಡವಾದರೆ ಗೋಷ್ಠಿ, ಅಂದರೆ ಪಾರಾಯಣ ಮಾಡುವವರ ಸಾಲು, ಕಾಯಬೇಕಾಗುತ್ತದೆ, ಗೋಷ್ಠಿ ಮುಗಿಯದೆ ತೀರ್ಥ ವಿನಿಯೋಗವಾಗುವಂತಿಲ್ಲ. ಒಬ್ಬರ ಕೆಲಸದ ಕೊನೆ ಇನ್ನೊಬ್ಬರ ಕೆಲಸದ ಆರಂಭವಾಗಿರುವ ಈ ಸರಪಳಿ ಶತಮಾನಗಳ ಕಾಲ ಕಡಿಯದೆ ನಡೆದುಬಂದಿರುವುದಕ್ಕೆ ಭಕ್ತಿಯೊಂದೇ ಕಾರಣವೆಂದರೆ ಅದನ್ನು ಕಟ್ಟಿದವರ ಜಾಣ್ಮೆಗೆ ಅನ್ಯಾಯ ಮಾಡಿದಂತಾಗುತ್ತದೆ.

ಈ ವ್ಯವಸ್ಥೆಯನ್ನು ಸಂಪ್ರದಾಯವು 12ನೆಯ ಶತಮಾನದಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ಇಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರಿಗೆ ಸಲ್ಲಿಸುತ್ತದೆ. ಮೇಲುಕೋಟೆಗೆ ಬರುವ ಮೊದಲೇ ಶ್ರೀರಂಗದಲ್ಲಿ ಅವರು ಇಂಥದೇ ಕೆಲಸಕ್ಕೆ ಕೈಹಾಕಿದ್ದರು. ಶ್ರೀರಂಗ ದೇವಾಲಯದ ಇತಿಹಾಸವನ್ನು ಹೇಳುವ ‘ಕೋಯಿಲ್ ಒಳುಗು’ ಎಂಬ ಗ್ರಂಥದ ಪ್ರಕಾರ ಅಲ್ಲಿ ಮೊದಲು ಐದು ಗುಂಪುಗಳಲ್ಲಿದ್ದ ಸೇವಕರನ್ನು ರಾಮಾನುಜರು ಹತ್ತು ಗುಂಪುಗಳಾಗಿ ವಿಂಗಡಿಸಿ ಪ್ರತಿ ಗುಂಪಿನ ಕೆಲಸ, ಹಕ್ಕು ಮತ್ತು ಮರ್ಯಾದೆಗಳನ್ನು ಗೊತ್ತುಪಡಿಸಿದರು. ಇದಕ್ಕೆ ವಿರೋಧ ಬಾರದೆ ಇರಲಿಲ್ಲ. ಅವರ ಭಿಕ್ಷಾನ್ನದಲ್ಲಿ ವಿಷ ಬೆರೆಸುವ ಪ್ರಯತ್ನವೂ ನಡೆಯಿತೆಂದು ಗುರುಪರಂಪರೆಯ ಕಥನಗಳು ಹೇಳುತ್ತವೆ. ಆದರೆ ಆ ಕಥನಗಳಲ್ಲಿ ಹೆಚ್ಚು ಗಮನಿಸಬೇಕಾದದ್ದು ದೇವಾಲಯದ ಬೀಗದಕೈ ಹಿಡಿದಿದ್ದ ಹಿರಿಯ ಅಧಿಕಾರಿಯ ಪ್ರಸಂಗ. ಆತನನ್ನು ಹೊರಹಾಕುವ ದಾರಿ ಹಿಡಿಯದೆ ರಾಮಾನುಜರು ತಮ್ಮ ಆಪ್ತ ಶಿಷ್ಯ ಕೂರತ್ತಾಳ್ವಾರರ ಮೂಲಕ ಆತನ ಮನವೊಲಿಸಿದರು. ಕೊನೆಗೆ ಬೀಗದಕೈಯನ್ನು ತಾನೇ ಒಪ್ಪಿಸಿದ ಆ ವ್ಯಕ್ತಿ ತಿರುವರಂಗತ್ತು ಅಮುದನಾರ್ ಎಂಬ ಹೆಸರಿನಲ್ಲಿ ಸಂಪ್ರದಾಯದ ಗೌರವಾನ್ವಿತ ಕವಿಯಾಗಿ ಉಳಿದುಕೊಂಡರು. ಅಧಿಕಾರ ಕಳೆದುಕೊಂಡವರಿಗೆ ಅದಕ್ಕೆ ಸಮನಾದ ಬೇರೊಂದು ಮನ್ನಣೆಯ ಜಾಗ ಸಿಕ್ಕಿತೆಂಬುದು ಇಲ್ಲಿನ ಮುಖ್ಯ ಅಂಶ. ಇದೇ ರಾಮಾನುಜರು ಪುರಿಯ ಜಗನ್ನಾಥನ ಸನ್ನಿಧಿಯಲ್ಲಿ ಪೂಜಾಕ್ರಮವನ್ನು ಬದಲಿಸಲು ಹೋದಾಗ ಅಲ್ಲಿನ ಅರ್ಚಕರು ಒಪ್ಪಲಿಲ್ಲವೆಂದೂ ದೇವರೇ ಅವರನ್ನು ರಾತ್ರೋರಾತ್ರಿ ಶ್ರೀಕೂರ್ಮಕ್ಕೆ ಸಾಗಿಸಿಬಿಟ್ಟನೆಂದೂ ಅದೇ ಪರಂಪರೆ ನೆನೆಯುತ್ತದೆ. ಭಕ್ತರು ಬರೆದ ಚರಿತ್ರೆಯೊಂದು ತಮ್ಮ ಆಚಾರ್ಯರ ಈ ಸೋಲನ್ನು ಮುಚ್ಚಿಡದೆ ಉಳಿಸಿಕೊಂಡಿರುವುದು ಮೆಚ್ಚತಕ್ಕ ಸಂಗತಿ.

ಮೇಲುಕೋಟೆಯಲ್ಲಿ ಸೇವೆಯ ಹೊಣೆ ಹೊತ್ತ ಶ್ರೀವೈಷ್ಣವ ಸಮೂಹವನ್ನು ಐವತ್ತಿಬ್ಬರು ಎಂದು ಕರೆಯುವ ರೂಢಿಯಿದ್ದು, ಊರಿನ ಶಾಸನಗಳಲ್ಲೂ ಈ ಹೆಸರು ಬರುತ್ತದೆ. ಅವರ ದುಡಿಮೆಗೆ ಪ್ರತಿಫಲವಾಗಿ ಇನಾಂ ಜಮೀನಿನ ಆದಾಯವಿತ್ತು, ದಿನದಿನದ ಪ್ರಸಾದದಲ್ಲಿ ಪಾಲಿತ್ತು, ಇವೆರಡಕ್ಕೂ ಮಿಗಿಲಾಗಿ ಎಲ್ಲರೆದುರು ಸಲ್ಲುವ ಮರ್ಯಾದೆಯಿತ್ತು. ಗೋಷ್ಠಿಯಲ್ಲಿ ತೀರ್ಥ ಯಾರಿಗೆ ಮೊದಲು ಕೊಡಬೇಕು, ದೇವರ ಪಾದದ ಗುರುತಾದ ಶಠಾರಿಯನ್ನು ಯಾರ ತಲೆಯ ಮೇಲೆ ಯಾವ ಕ್ರಮದಲ್ಲಿ ಇಡಬೇಕು, ದೇವರಿಂದ ಇಳಿಸಿದ ಮಾಲೆ ಯಾರ ಕೊರಳಿಗೆ ಹೋಗಬೇಕು ಎಂಬುದೆಲ್ಲ ನಿಗದಿಯಾಗಿತ್ತು. ಸರದಿಯ ಮೇಲೆ ಸೇವೆ ನಡೆಯುತ್ತಿದ್ದುದರಿಂದ ತನ್ನ ಸರದಿಯ ದಿನ ಕೆಲಸದಲ್ಲಿ ಲೋಪವಾದರೆ ಅದು ಮನೆತನದ ಲೋಪವಾಗುತ್ತಿತ್ತು. ಇಲ್ಲಿನ ದುಡಿಮೆಗೆ ಕೈಂಕರ್ಯವೆಂದು ಹೆಸರು. ಕೂಲಿಯ ಲೆಕ್ಕಕ್ಕೆ ಸಿಗದ, ದೇವರಿಗಾಗಿ ಮಾಡುವ ಸೇವೆಯೆಂಬುದು ಅದರ ಅರ್ಥ.

ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಮಂದಿ ಎಂಜಿನಿಯರುಗಳು ಮತ್ತು ಲೆಕ್ಕಿಗರೊಡನೆ ನಡೆಸಿದ ಸಂದರ್ಶನಗಳ ಆಧಾರದ ಮೇಲೆ ಮಂಡಿಸಿದ ಸಿದ್ಧಾಂತವನ್ನು ಈ ವ್ಯವಸ್ಥೆಯ ಪಕ್ಕದಲ್ಲಿಟ್ಟು ನೋಡಬಹುದು. ಸಂಬಳ, ಮೇಲ್ವಿಚಾರಣೆ, ಸಂಸ್ಥೆಯ ನಿಯಮಗಳು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಆದರೆ ಅವು ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ. ಉತ್ಸಾಹ ಬರುವುದು ಸಾಧಿಸಿದೆನೆಂಬ ತೃಪ್ತಿ, ಮನ್ನಣೆ ಮತ್ತು ಹೊಣೆಗಾರಿಕೆಗಳಿಂದ ಎಂದು ಹರ್ಜ್‌ಬರ್ಗ್ ವಾದಿಸಿದರು. ಮರ್ಯಾದೆಯ ಬಲವನ್ನು ಮೇಲುಕೋಟೆಯವರು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಆದರೆ ಹರ್ಜ್‌ಬರ್ಗ್ ಮಾತನಾಡಿಸಿದ್ದು ಹೊಟ್ಟೆಬಟ್ಟೆಗೆ ಕೊರತೆಯಿಲ್ಲದವರನ್ನು ಎಂಬುದನ್ನು ಮರೆಯುವಂತಿಲ್ಲ. ಕನಿಷ್ಠ ವೇತನದ ಅಂಚಿನಲ್ಲಿ ಬದುಕುವವರಿಗೆ ಮನ್ನಣೆಯ ಮಾತಾಡಿ ಸಂಬಳದ ಮಾತನ್ನು ತಳ್ಳಿಹಾಕುವುದಕ್ಕೆ ಈ ಸಿದ್ಧಾಂತವನ್ನು ಬಳಸಿಕೊಳ್ಳುವ ಮಾಲೀಕರು ಇಲ್ಲದಿಲ್ಲ, ಅದು ತಪ್ಪು.

ದೇವಾಲಯದ ವ್ಯವಸ್ಥೆಗೂ ಅದರ ಮಿತಿಗಳಿದ್ದವು ಮತ್ತು ಅವು ಸಣ್ಣವಲ್ಲ. ಉತ್ಸವಮೂರ್ತಿಯನ್ನು ದೆಹಲಿಯಿಂದ ತರುವಾಗ ನೆರವಾದ ದಲಿತರನ್ನು ರಾಮಾನುಜರು ತಿರುಕ್ಕುಲತ್ತಾರ್ ಎಂಬ ಗೌರವದ ಹೆಸರಿನಿಂದ ಕರೆದು ದೇವಾಲಯ ಪ್ರವೇಶದ ಹಕ್ಕು ಕೊಟ್ಟರೆಂಬುದು ನಾಡಿನ ಚರಿತ್ರೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ವಿಷಯ. ಆದರೆ ಆ ಹಕ್ಕು ವರ್ಷದಲ್ಲಿ ಮೂರು ದಿನಗಳಿಗೆ ಸೀಮಿತವಾಗಿ ಉಳಿದು ಶತಮಾನಗಳೇ ಕಳೆದವು. ಒಮ್ಮೆ ತಂದ ಬದಲಾವಣೆ ಅಲ್ಲಿಗೇ ಹೆಪ್ಪುಗಟ್ಟಿ, ಮುಂದಿನ ಹೆಜ್ಜೆಗೆ ತಾನೇ ಅಡ್ಡಗೋಡೆಯಾಗಬಹುದೆಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಸಿಗಲಾರದು. ವಂಶಪಾರಂಪರ್ಯವಾಗಿ ಬಂದ ಹುದ್ದೆ ಕ್ರಮೇಣ ಆಸ್ತಿಯಾಯಿತು, ಮರ್ಯಾದೆಯ ಕ್ರಮವೇ ತಕರಾರಿನ ಮೂಲವಾಯಿತು. ಶ್ರೀವೈಷ್ಣವರ ತೆಂಗಲೆ, ವಡಗಲೆ ಪಂಗಡಗಳ ನಡುವಿನ ಪಾರಾಯಣದ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದವು.

1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದತಿ ಕಾಯ್ದೆ ಬಂದಾಗ ದೇವಾಲಯಗಳ ಸೇವಕರ ಬದುಕು ನಿಂತಿದ್ದ ನೆಲವೇ ಬದಲಾಯಿತು. ಉಳುವವನಿಗೆ ಭೂಮಿ ದೊರೆಯಬೇಕೆಂಬ ನ್ಯಾಯವಾದ ಉದ್ದೇಶದ ಆ ಸುಧಾರಣೆಯಿಂದಾಗಿ ಜಮೀನಿನ ಹುಟ್ಟುವಳಿಯ ಜಾಗಕ್ಕೆ ಸರ್ಕಾರ ಕೊಡುವ ತಸ್ತೀಕು, ಅಂದರೆ ನಿಗದಿತ ವಾರ್ಷಿಕ ಮೊತ್ತ, ಬಂದಿತು. ಬೆಲೆಗಳು ಏರಿದಷ್ಟು ತಸ್ತೀಕು ಏರಲಿಲ್ಲವೆಂಬುದು ನಾಡಿನ ಅರ್ಚಕರೆಲ್ಲರ ಹಳೆಯ ಅಳಲು. ಹಾಗಿದ್ದೂ ಮೇಲುಕೋಟೆಯ ಸೇವೆ ನಿಂತಿಲ್ಲ. ವೈರಮುಡಿ ಉತ್ಸವದ ದಿನ ಮಂಡ್ಯದ ಜಿಲ್ಲಾ ಖಜಾನೆಯಿಂದ ವೈರಮುಡಿಯೆಂಬ ಕಿರೀಟ ಹೊರಟು, ದಾರಿಯ ಊರೂರಿನಲ್ಲಿ ಪೂಜೆ ಸ್ವೀಕರಿಸುತ್ತ, ಪೊಲೀಸ್ ಕಾವಲಿನಲ್ಲಿ ಬೆಟ್ಟ ಸೇರಿದ ಮೇಲೆ ಜಿಲ್ಲಾಡಳಿತದ ಅಧಿಕಾರಿಗಳು, ಸ್ಥಾನೀಕರು ಮತ್ತು ಅರ್ಚಕರು ತಂತಮ್ಮ ಕೆಲಸಕ್ಕೆ ನಿಲ್ಲುತ್ತಾರೆ. ಸರ್ಕಾರಿ ಕಡತವೂ ಆಗಮದ ವಿಧಿಯೂ ಒಂದೇ ರಾತ್ರಿ ಜೊತೆಯಾಗಿ ನಡೆಯುತ್ತವೆ. ಹೊಸ ಆಡಳಿತ ಬಂದಾಗ ಹಳೆಯ ಸೇವಕರ ಸರದಿ ಮತ್ತು ಮರ್ಯಾದೆಗಳನ್ನು ಅದು ಮುಟ್ಟದೆ ಉಳಿಸಿದ್ದರಿಂದಲೇ ಇದು ಸಾಧ್ಯವಾಗಿದೆ.

ಇದೇ ಊರಿನಲ್ಲಿ ಜಯಪ್ರಕಾಶ ನಾರಾಯಣರ ಒಡನಾಡಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್ ಕೈಮಗ್ಗದ ಖಾದಿಯ ಮೂಲಕ ಹಳ್ಳಿಯ ಜನರಿಗೆ ಕೆಲಸ ಕೊಟ್ಟಿರುವುದನ್ನೂ ಇಲ್ಲಿ ನೆನೆಯಬೇಕು. ಮಗ್ಗದ ಮುಂದೆ ಕುಳಿತವರ ಕಣ್ಣೆದುರಿಗೇ ಲಾಳಿ ಓಡುತ್ತದೆ, ಹಾಸಿನ ಮೇಲೆ ಹೊಕ್ಕು ಕೂಡಿ ಬಟ್ಟೆ ಬೆಳೆಯುತ್ತದೆ. ತಾನು ಏನು ಮಾಡಿದೆನೆಂಬುದು ದುಡಿದವರಿಗೆ ಸಂಜೆಯ ಹೊತ್ತಿಗೆ ಕಾಣುತ್ತದೆ.

ಸಿದ್ಧ ಉಡುಪು ಕಾರ್ಖಾನೆಯಲ್ಲಿ ಇದಕ್ಕೆ ಅವಕಾಶ ಕಡಿಮೆ. ಅಲ್ಲಿ ಟೈಲರ್‌ಗಳು ಉದ್ದನೆಯ ಲೈನಿನಲ್ಲಿ ಕುಳಿತಿರುತ್ತಾರೆ. ಒಬ್ಬರು ದಿನವಿಡೀ ಕಾಲರ್ ಹೊಲಿದರೆ ಇನ್ನೊಬ್ಬರು ತೋಳು ಕೂಡಿಸುತ್ತಾರೆ, ಮತ್ತೊಬ್ಬರು ಗುಂಡಿ ಹಾಕುತ್ತಾರೆ, ಚೆಕರ್ ಕೈಗೆ ಹೋಗುವವರೆಗೆ ಪೂರ್ತಿ ಅಂಗಿಯನ್ನು ಯಾರೂ ನೋಡಿರುವುದಿಲ್ಲ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ತಲೆಯ ಮೇಲಿರುತ್ತದೆ. ಹೊಸ ಆರ್ಡರ್ ಬಂದು ಉಡುಪಿನ ಸ್ಟೈಲ್ ಬದಲಾದ ದಿನ ಕೈಗೆ ರೂಢಿಯಾಗಿದ್ದ ವೇಗ ತಪ್ಪುತ್ತದೆ, ಟಾರ್ಗೆಟ್ ಮುಟ್ಟುವುದಿಲ್ಲ, ಸೂಪರ್‌ವೈಸರ್ ದನಿ ಏರುತ್ತದೆ. ಮಂಡ್ಯ, ಮೈಸೂರು, ರಾಮನಗರ ಭಾಗದ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಸಾವಿರಾರು ಹೆಣ್ಣುಮಕ್ಕಳ ಸಂಬಳದಿಂದ ಎಷ್ಟೋ ಒಕ್ಕಲು ಮನೆಗಳ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಸಾಗುತ್ತಿವೆ.

ಶ್ರೀರಂಗಪಟ್ಟಣದಲ್ಲಿದ್ದ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಸಮೂಹದ ಯೂರೋ ಕ್ಲೋದಿಂಗ್ ಕಂಪನಿಯ ಎರಡನೆಯ ಘಟಕದಲ್ಲಿ 2020ರ ಜೂನ್ ತಿಂಗಳಲ್ಲಿ 1,200ಕ್ಕೂ ಹೆಚ್ಚು ಕಾರ್ಮಿಕರನ್ನು ಲೇ–ಆಫ್ ಮಾಡಲಾಯಿತು. ಲೇ–ಆಫ್ ಎಂದರೆ ಕೆಲಸದಿಂದ ತೆಗೆಯದೆ, ಕೊಡಲು ಕೆಲಸವಿಲ್ಲವೆಂದು ಹೇಳಿ ಅರ್ಧ ವೇತನದ ಮೇಲೆ ಮನೆಗೆ ಕಳಿಸುವುದು. ಕೋವಿಡ್‌ನಿಂದ ಆರ್ಡರ್‌ಗಳು ಕುಸಿದಿವೆಯೆಂಬುದು ಕಂಪನಿಯ ವಿವರಣೆಯಾಗಿತ್ತು. ಸಂಘಟಿತರಾಗಿದ್ದ ಕಾರ್ಮಿಕರನ್ನು ಗುರಿ ಮಾಡಲಾಗಿದೆಯೆಂಬುದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್‌ನ ಆರೋಪವಾಗಿತ್ತು. ಯಂತ್ರಗಳನ್ನು ಸಾಗಿಸುತ್ತಿರುವುದನ್ನು ಕಂಡ ಕಾರ್ಮಿಕರು ಕಾರ್ಖಾನೆಯ ಆವರಣದಲ್ಲೇ ಧರಣಿ ಕುಳಿತರು, ಅದು ವಾರಗಟ್ಟಲೆ ನಡೆಯಿತು. ಆ ವರ್ಷ ಜಗತ್ತಿನ ಎಲ್ಲೆಡೆ ಬಟ್ಟೆಯ ವ್ಯಾಪಾರ ಕುಸಿದಿದ್ದು ನಿಜವಾದ್ದರಿಂದ ಆರ್ಡರ್ ಕಡಿಮೆಯಾದ ಮಾತನ್ನು ಪೂರ್ತಿ ಅಲ್ಲಗಳೆಯಲು ಬರುವುದಿಲ್ಲ. ಆದರೆ ತಾನು ವರ್ಷಗಟ್ಟಲೆ ಕೂತು ಹೊಲಿದ ಯಂತ್ರ ತನ್ನ ಕಣ್ಣೆದುರೇ ಲಾರಿ ಸೇರುವುದನ್ನು ನೋಡಿ ಸುದ್ದಿ ತಿಳಿದುಕೊಳ್ಳಬೇಕಾದ ಸ್ಥಿತಿ ಯಾವ ದುಡಿಮೆಗಾರರಿಗೂ ಬರಬಾರದು.

ಕೆಲಸದ ಜಾಗದಲ್ಲಿ ಬದಲಾವಣೆಯನ್ನು ಹೇಗೆ ತರಬೇಕೆಂಬುದರ ಮೇಲೆ ಜಗತ್ತಿನಲ್ಲಿ ನಡೆದ ಅತ್ಯಂತ ಪ್ರಸಿದ್ಧ ಪ್ರಯೋಗಗಳಲ್ಲೊಂದೂ ಉಡುಪಿನ ಕಾರ್ಖಾನೆಯದೇ. ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಪಟ್ಟಣದಲ್ಲಿ ಪೈಜಾಮ ತಯಾರಿಸುತ್ತಿದ್ದ ಹಾರ್ವುಡ್ ಕಂಪನಿಯಲ್ಲಿ, ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಪ್ರಭಾವದಲ್ಲಿದ್ದ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಆ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಕೆಲಸದ ವಿಧಾನ ಬದಲಾಗಬೇಕಿದ್ದ ಕಾರ್ಮಿಕರನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಆಡಳಿತದ ತೀರ್ಮಾನವನ್ನು ಹೇಳಿ ಕಳಿಸಲಾಯಿತು, ಇನ್ನೊಂದರಲ್ಲಿ ಪ್ರತಿನಿಧಿಗಳನ್ನು ಆರಿಸಿ ಅವರೊಡನೆ ಹೊಸ ವಿಧಾನವನ್ನು ರೂಪಿಸಲಾಯಿತು, ಉಳಿದ ಎರಡು ಗುಂಪುಗಳಲ್ಲಿ ಎಲ್ಲರೂ ಚರ್ಚೆಯಲ್ಲಿ ಪಾಲ್ಗೊಂಡರು. ಬರೀ ಹೇಳಿಸಿಕೊಂಡ ಗುಂಪಿನ ಉತ್ಪಾದನೆ ಕುಸಿದು ಮೇಲೇಳಲೇ ಇಲ್ಲ, ಮೊದಲ 40 ದಿನಗಳಲ್ಲಿ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು. ಎಲ್ಲರೂ ಪಾಲ್ಗೊಂಡ ಗುಂಪುಗಳು ಬಹುಬೇಗ ಹಳೆಯ ವೇಗ ಮುಟ್ಟಿ ಕೊನೆಗೆ ಅದಕ್ಕಿಂತ ಸುಮಾರು ಶೇ. 14ರಷ್ಟು ಹೆಚ್ಚು ಉತ್ಪಾದಿಸಿದವು. ಮೊದಲ ಗುಂಪಿನಲ್ಲಿ ಉಳಿದವರಿಗೆ ಕೆಲವು ತಿಂಗಳ ನಂತರ ಮತ್ತೊಂದು ಬದಲಾವಣೆಯಲ್ಲಿ ಪಾಲ್ಗೊಳ್ಳುವ ಅವಕಾಶ ಕೊಟ್ಟಾಗ ಅವರೂ ಬೇಗ ಚೇತರಿಸಿಕೊಂಡರೆಂಬುದು ಈ ಅಧ್ಯಯನದ ಅತಿ ಮುಖ್ಯ ಭಾಗ. ಜನ ಅವರೇ, ಕೈ ಅವೇ, ಕೇಳಿದ ರೀತಿ ಮಾತ್ರ ಬೇರೆ.

ಭಾರತದ ಕಾನೂನಿಗೂ ಈ ಅರಿವು ಇಲ್ಲದಿರಲಿಲ್ಲ. ಶ್ರೀರಂಗಪಟ್ಟಣದ ಘಟನೆ ನಡೆದಾಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಂತೆ ವೇತನ, ಕೆಲಸದ ವೇಳೆ, ಪಾಳಿ ಮುಂತಾದ ಸೇವಾಷರತ್ತುಗಳನ್ನು ಬದಲಿಸುವ ಮಾಲೀಕರು 21 ದಿನ ಮೊದಲೇ ಕಾರ್ಮಿಕರಿಗೆ ನೋಟಿಸ್ ಕೊಡಬೇಕಾಗಿತ್ತು. ಅದೇ ಕಾಯ್ದೆಯ 3ನೆಯ ಕಲಮು ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ವರ್ಕ್ಸ್ ಕಮಿಟಿ ರಚಿಸುವಂತೆ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಆ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರುವಂತಿರಲಿಲ್ಲ. ನೋಟಿಸ್ ಎಂಬುದು ಹಲವೆಡೆ ಗೋಡೆಗೆ ಅಂಟಿಸುವ ಕಾಗದವಾಗಿ, ಕಮಿಟಿಯೆಂಬುದು ವರ್ಷಕ್ಕೊಮ್ಮೆ ಸಹಿ ಹಾಕಿಸುವ ಪುಸ್ತಕವಾಗಿ ಉಳಿದಿರುವುದು ಬೇರೆ ಮಾತು.

ಶ್ರೀರಂಗಪಟ್ಟಣದ ವಿವಾದ 2021ರ ಆರಂಭದಲ್ಲಿ ಒಪ್ಪಂದದ ಹಂತ ತಲುಪಿತು. ಜಾಗತಿಕ ಕಾರ್ಮಿಕ ಒಕ್ಕೂಟವಾದ ಇಂಡಸ್ಟ್ರಿಆಲ್ ಮತ್ತು ಆ ಕಾರ್ಖಾನೆಯಿಂದ ಉಡುಪು ಕೊಳ್ಳುತ್ತಿದ್ದ ಎಚ್ ಅಂಡ್ ಎಂ ಕಂಪನಿಯ ನಡುವಣ ಮಾತುಕತೆಯ ಹಿನ್ನೆಲೆಯಲ್ಲಿ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಯೂನಿಯನ್‌ಗೆ ಮಾನ್ಯತೆ ಕೊಡಲು ಮತ್ತು ಕೆಲಸ ಕಳೆದುಕೊಂಡವರನ್ನು ತನ್ನ ಬೇರೆ ಘಟಕಗಳಿಗೆ ಮರಳಿ ಸೇರಿಸಿಕೊಳ್ಳಲು ಒಪ್ಪಿತು. ಜೂನ್ ತಿಂಗಳಿಗಿಂತ ಮೊದಲೇ ಮೇಜಿನ ಸುತ್ತ ಕುಳಿತು ಆಡಬಹುದಾಗಿದ್ದ ಆ ಮಾತುಗಳನ್ನು ಧರಣಿಯ ನಂತರ, ಹೊರದೇಶದ ಗಿರಾಕಿಯ ಮಧ್ಯಸ್ಥಿಕೆಯಲ್ಲಿ ಆಡಬೇಕಾಯಿತು. ಊರಿನಲ್ಲೇ ಇದ್ದ ದುಡಿಮೆಯನ್ನು ಕಳೆದುಕೊಂಡು ದೂರದ ಘಟಕಕ್ಕೆ ಹೋಗಬೇಕಾದವರಿಗೆ ಬಸ್ಸಿನ ವೇಳೆ ಬದಲಾಯಿತು, ಮನೆಗೆಲಸದ ವೇಳೆ ಬದಲಾಯಿತು. ಹಸುಗೂಸಿದ್ದವರು, ವಯಸ್ಸಾದ ಅತ್ತೆಮಾವಂದಿರನ್ನು ನೋಡಿಕೊಳ್ಳಬೇಕಾದವರು ಹಾಗೆ ಹೋಗಿಬರುವುದು ಎಷ್ಟು ಕಷ್ಟವೆಂಬುದನ್ನು ಯಾವ ಒಪ್ಪಂದದ ಪತ್ರವೂ ಬರೆದುಕೊಳ್ಳುವುದಿಲ್ಲ.