ಬೆರ್ಟಾ ಕಲಿಸಿದ ಎರಡು ಪ್ರಶ್ನೆ

ನಾಣ್ಯ, ಅಂಚೆಚೀಟಿ ಸಂಗ್ರಹಿಸುವವರು ನಮಗೆಲ್ಲ ಗೊತ್ತು. ಎರಡನೇ ಮಹಾಯುದ್ಧದ ಜರ್ಮನ್ ಸೇನೆಯ ರೇಡಿಯೊ, ಟೆಲಿಫೋನ್‌ಗಳನ್ನು ಹುಡುಕಿ ಜೋಪಾನ ಮಾಡುವವರೂ ಯುರೋಪಿನಲ್ಲಿ ಇದ್ದಾರೆ. ತುಕ್ಕು ಹಿಡಿದ ಈ ಪೆಟ್ಟಿಗೆಗಳಲ್ಲಿ ಏನಿದೆ ಅಂತೀರಾ? ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನಗೂ ಹಾಗೇ ಅನಿಸಿತ್ತು, ಒಂದು ರೇಡಿಯೊದ ಸರ್ಕಿಟ್ ನೋಡುವವರೆಗೆ.

ಅದು ಸೈನಿಕ ಬೆನ್ನಿಗೆ ಹೊತ್ತು ನಡೆಯುತ್ತಿದ್ದ ರಿಸೀವರ್. ಅಡ್ಡಹೆಸರು 'ಬೆರ್ಟಾ'. 1930ರ ದಶಕದ ವಿನ್ಯಾಸ. ಆಗಿನ ರೇಡಿಯೊಗಳಲ್ಲಿ ಸಾಮಾನ್ಯವಾಗಿ ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯ ವಾಲ್ವ್ ಇರುತ್ತಿತ್ತು. ಬೆರ್ಟಾದಲ್ಲಿರುವುದು ನಾಲ್ಕು ವಾಲ್ವ್, ನಾಲ್ಕೂ ಒಂದೇ ಬಗೆಯವು: ಆರ್‌ವಿ2ಪಿ800. ಹೆಸರೇ ಡೇಟಾಶೀಟ್! 2 ವೋಲ್ಟ್ ಫಿಲಮೆಂಟ್, 'ಪಿ' ಅಂದರೆ ಪೆಂಟೋಡ್, 800 ಅದರ ವರ್ಧನೆಯ ಅಂಕಿ. ಮೊದಲೆರಡು ವಾಲ್ವ್ ದುರ್ಬಲ ಸಿಗ್ನಲ್ಲನ್ನು ಹಿಗ್ಗಿಸುತ್ತವೆ, ಮೂರನೆಯದು ಅದರಿಂದ ಧ್ವನಿಯನ್ನು ಬೇರ್ಪಡಿಸುತ್ತದೆ, ನಾಲ್ಕನೆಯದು ಹೆಡ್‌ಫೋನಿಗೆ ಕಳಿಸುತ್ತದೆ. ಯಾವುದೇ ಕೆಟ್ಟರೂ ಹಾಕಲು ಒಂದೇ ಬಗೆಯ ಬಿಡಿ ವಾಲ್ವ್ ಸಾಕು. ಕೆಸರಲ್ಲಿ, ಕತ್ತಲಲ್ಲಿ ರಿಪೇರಿ ಮಾಡಬೇಕಾದವನಿಗೆ ಇದಕ್ಕಿಂತ ದೊಡ್ಡ ಉಪಕಾರ ಏನಿದೆ?

ಸಂಗ್ರಹಕಾರರ ಪಾಡು ಬೇರೆ. ಇಷ್ಟು ವರ್ಷಕ್ಕೆ ಹಳೆಯ ಪೇಪರ್ ಕೆಪಾಸಿಟರ್‌ಗಳು ಸೋರುತ್ತವೆ. ಬದಲಿಸಿದರೆ ರೇಡಿಯೊ ಮಾತಾಡುತ್ತದೆ, ಆದರೆ ಅಸಲಿತನ ಹೋಗುತ್ತದೆ. ಕೆಲವರು ಹಳೆಯ ಕವಚದೊಳಗೇ ಹೊಸ ಕೆಪಾಸಿಟರ್ ಅಡಗಿಸುತ್ತಾರೆ. ಇನ್ನು ಕೆಲವರು ಸ್ವಿಚ್ ಹಾಕುವುದೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತೆ. ಇಂಥ ರೇಡಿಯೊಗಳಲ್ಲಿ ಹರಿದಾಡಿದ್ದು ಹಿಟ್ಲರನ ಸೇನೆಯ ಆದೇಶಗಳು. ಯುದ್ಧಕಾಲದ ಜರ್ಮನ್ ಕಾರ್ಖಾನೆಗಳಲ್ಲಿ ಲಕ್ಷಾಂತರ ಜನರನ್ನು ಬಲವಂತವಾಗಿ ದುಡಿಸಲಾಯಿತು. ಜರ್ಮನಿಯಲ್ಲಿ ಇಂದಿಗೂ ಸ್ವಸ್ತಿಕದ ನಾಜಿ ಲಾಂಛನವನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ಶಿಕ್ಷಣ, ಇತಿಹಾಸದಂಥ ಉದ್ದೇಶಗಳಿಗಷ್ಟೇ ವಿನಾಯಿತಿ. ಹಾಗಾಗಿ ಪೆಟ್ಟಿಗೆಯನ್ನು ಹೊಳೆಯುವಂತೆ ಒರೆಸಿಟ್ಟರೆ ಸಾಲದು, ಅದು ಯಾರ ಕೈಯಲ್ಲಿತ್ತು, ಯಾಕಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದಿಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಫೈನಲ್ ಇಯರ್ ಪ್ರಾಜೆಕ್ಟ್ ಹತ್ತಿರವಾಗುತ್ತಿದೆ. ಈಚೆಗೆ ಗೆಳೆಯರ ಜತೆ ಐಡಿಯಾ ಚರ್ಚಿಸುವಾಗೆಲ್ಲ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಇದು ಕೆಟ್ಟಾಗ ರಿಪೇರಿ ಮಾಡುವವರು ಯಾರು, ಅವರ ಕೈಯಲ್ಲಿ ಏನಿರುತ್ತದೆ? ಇದನ್ನು ಬಳಸುವವರು ಯಾರು, ಯಾತಕ್ಕೆ? ಬೆರ್ಟಾ ರೂಪಿಸಿದವರು ಮೊದಲ ಪ್ರಶ್ನೆಗೆ ನೂರಕ್ಕೆ ನೂರು ಅಂಕ ಪಡೆದವರು. ನಾಳೆ ಕೆಲಸಕ್ಕೆ ಸೇರುವ ನಾವು ಎರಡನೆಯದನ್ನೂ ಬಿಡದೆ ಉತ್ತರಿಸೋಣ.