ಹಳಿಯನ್ನು ಹಿಡಿದಿರುವ ಕ್ಲಿಪ್ಪು

ನಿಲ್ದಾಣದಲ್ಲಿ ಗಾಡಿಗಾಗಿ ಕಾದು ನಿಂತಾಗ ನಾವು ಹಳಿಗಳ ಕಡೆಗೆ ಕಣ್ಣು ಹಾಯಿಸುವುದುಂಟು. ಕಾಂಕ್ರೀಟ್ ಸ್ಲೀಪರಿನ ಮೇಲೆ, ಹಳಿಯ ಎರಡೂ ಮಗ್ಗುಲಲ್ಲಿ, ಸುತ್ತಿ ಬಾಗಿದ ಉಕ್ಕಿನ ಕ್ಲಿಪ್ಪು ಕಾಣುತ್ತದೆ. ಮರದ ಸ್ಲೀಪರಿಗೆ ಮೊಳೆ ಸಾಕಾಗಿತ್ತು. ಇಲ್ಲಿ ಈ ವಕ್ರ ಸಲಾಕೆಯೇಕೆ?

ಮೊಳೆ ಹೊಡೆದರೆ ಕಾಂಕ್ರೀಟು ಬಿರಿಯುತ್ತದೆ ಎಂಬುದು ಸರಿಯೆ. ಆದರೆ ಬೋಲ್ಟನ್ನು ಬಿಗಿಯಬಹುದಲ್ಲವೆ? ಬಿಗಿದ ಬೋಲ್ಟು ಕೂದಲೆಳೆಯಷ್ಟು ಮಾತ್ರ ಹಿಗ್ಗಿರುತ್ತದೆ. ಗಾಡಿಗಳ ಅದುರಾಟದಿಂದ ಹಳಿಯ ಆಸರೆ ಅಷ್ಟೇ ಸವೆದರೂ ಅದರ ಹಿಡಿತ ತಪ್ಪುತ್ತದೆ. ಕ್ಲಿಪ್ಪಾದರೋ ಒಂದು ಸ್ಪ್ರಿಂಗು. ನಮ್ಮ ರೈಲುಮಾರ್ಗಗಳಲ್ಲಿ ಬಳಸುವ ಒಂದು ಬಗೆಯ ಕ್ಲಿಪ್ಪನ್ನು, ಸ್ಲೀಪರಿನಲ್ಲಿ ಹುದುಗಿಸಿದ ಎರಕದ ಕಬ್ಬಿಣದ ಕಣ್ಣಿಗೆ ಸುತ್ತಿಗೆಯಿಂದ ಬಡಿದು ಸೇರಿಸಿದಾಗ, ಅದರ ತುದಿ ಸುಮಾರು 13.5 ಮಿಲಿಮೀಟರು ಬಾಗಿ, ಹಳಿಯ ಪಾದವನ್ನು ಸುಮಾರು 1,000 ಕಿಲೋಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತದೆ. ಹುಕ್‌ನ ನಿಯಮದಂತೆ, ಒಂದು ಮಿಲಿಮೀಟರು ಸವೆದರೆ ನಷ್ಟವಾಗುವುದು ಹದಿಮೂರರಲ್ಲಿ ಒಂದು ಪಾಲು ಮಾತ್ರ!

ಇಷ್ಟು ಹಿಡಿತ ಬೇಕೆ? ಮೀಟರಿಗೆ 60 ಕಿಲೋಗ್ರಾಂ ತೂಗುವ ಹಳಿಗಳನ್ನು ಇಂದು ಉದ್ದಕ್ಕೂ ಬೆಸೆದು ಹಾಸುತ್ತಾರೆ, ಹಿಗ್ಗಲು ಸಂದಿಲ್ಲ. ಹಾಸಿದಾಗಿನ ಉಷ್ಣತೆಗಿಂತ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಪ್ರತಿ ಹಳಿಯೊಳಗೂ ಸುಮಾರು 55 ಟನ್ನು ತೂಕದಷ್ಟು ಒತ್ತುಬಲ ಹುಟ್ಟುತ್ತದೆ. ಕ್ಲಿಪ್ಪುಗಳು ಸಡಿಲವಾದರೆ ಹಳಿ ತೆವಳುತ್ತದೆ. ಬಲವೆಲ್ಲ ಒಂದೆಡೆ ಕೂಡಿ ಮಾರ್ಗ ಹಾವಿನಂತೆ ಡೊಂಕಾದೀತು, ಗಾಡಿ ಉರುಳೀತು.

ಇಂತಹ ಕ್ಲಿಪ್ಪನ್ನು 1957ರಲ್ಲಿ ರೂಪಿಸಿದವರು ನಾರ್ವೆಯ ಇಂಜಿನಿಯರ್ ಪೆರ್ ಪಾಂಡೆ-ರೋಲ್ಫ್‌ಸೆನ್. 'ಪ್ಯಾಂಡ್ರಾಲ್' ಎಂಬ ಹೆಸರು ಅವರ ಹೆಸರಿನಿಂದಲೇ ಬಂದದ್ದು. ತಿರುಗಿಸಿ ಬಿಗಿಯಲು ಇದರಲ್ಲಿ ನಟ್ಟಿಲ್ಲ. ಆದರೂ ಅದು ಕಣ್ಣಿನಿಂದ ಜಾರುವುದುಂಟು. ಅದಕ್ಕೆಂದೇ ಕೀಮ್ಯಾನ್ ಇಂದಿಗೂ ಸುತ್ತಿಗೆ ಹೊತ್ತು ಹಳಿಗುಂಟ ನಡೆಯುತ್ತಾನೆ.